ಎಡಕ್ಕೆ ಮುಚ್ಚುವ ವಾಲ್ವು

ಹನ್ನೊಂದು ಗಂಟೆಗೆ ಪಾಲಿಕೆಯ ಸಭಾಂಗಣದಲ್ಲಿ ಸಹಿ ಹಾಕಬೇಕು. ಹಾಕಿದರೆ ಮೂರು ಸಾವು ನೀರಕ್ಕನ ತಲೆಗೆ. ಹಾಕದಿದ್ದರೆ ತಲೆಯ ಮೇಲಿನ ಸೂರು ಹೋಗುತ್ತದೆ.

ನೀರಕ್ಕನ ಗಂಡ ಪಾಲಿಕೆಯಲ್ಲಿ ನೀರು ಬಿಡುವವನಾಗಿದ್ದ. ಅವನು ಎದೆ ಕಾಯಿಲೆಯಿಂದ ಹೋದ ಮೇಲೆ ಆ ಕೆಲಸ ಇವಳಿಗೆ ಬಂತು. ಕೆಲಸದ ಜೊತೆ ಹೆಸರೂ ಬಂತು. ಹನ್ನೆರಡು ವರ್ಷದಿಂದ ಊರಿಗೆಲ್ಲ ಅವಳು ನೀರಕ್ಕ. ನೀರು ಬಂದ ದಿನ ಯಾರೂ ಅವಳನ್ನು ನೆನೆಯುವುದಿಲ್ಲ. ಬಾರದ ದಿನ ಅವಳ ಏಳು ತಲೆಮಾರನ್ನು ಬೀದಿಗೆ ಎಳೆಯುತ್ತಾರೆ.

ಇರುವುದು ಒಂದೇ ಕೋಣೆ, ಅದೂ ಪಾಲಿಕೆಯದು, ನೀರಿನ ಟ್ಯಾಂಕಿನ ಕಂಬಗಳ ನಡುವೆ. ಸೂರು ಎಂದರೆ ಟ್ಯಾಂಕಿನ ಹೊಟ್ಟೆಯೇ. ಹನ್ನೆರಡು ತಿಂಗಳೂ ಜಿನುಗುತ್ತದೆ. ಆ ಕೋಣೆಯಲ್ಲಿ ಅವಳು ಮತ್ತು ಅವಳ ಅತ್ತೆ. ಅತ್ತೆಗೆ ಎರಡು ವರ್ಷದಿಂದ ಸೊಂಟ ಬಿದ್ದಿದೆ. ಎತ್ತಿ ಕೂರಿಸಬೇಕು, ಎತ್ತಿ ಮಲಗಿಸಬೇಕು.

"ಹಾಕಿಬಿಡೇ," ಎಂದಳು ಅತ್ತೆ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಹೋದ ಕೂಸು ವಾಪಸ್ ಬರಲ್ಲ. ಇರೋ ಸೂರೂ ಹೋದ್ರೆ ನನ್ನ ಹೆಣ ಎಲ್ಲಿಂದ ಎತ್ತಿಸ್ತೀಯ?"

ಹೋದ ಕೂಸು ಅತ್ತೆಯ ಕಿರಿಯ ಮಗನ ಮಗಳು. ನೀರಕ್ಕನ ಓರಗಿತ್ತಿಯ ಹೊಟ್ಟೆಯಲ್ಲಿ ಹುಟ್ಟಿದ್ದು. ಆರು ವರ್ಷ. ಕೆಳಗಿನ ಓಣಿಯಲ್ಲಿ ವಾಂತಿ ಭೇದಿಗೆ ಸತ್ತ ಮೂವರಲ್ಲಿ ಕೊನೆಯದು. ಅದಕ್ಕಿಂತ ಮುಂಚೆ ಮುದುಕ ಟೈಲರ್ ಹೋಗಿದ್ದ, ಇಸ್ತ್ರಿಯವನ ಹೆಂಡತಿ ಹೋಗಿದ್ದಳು. ಇನ್ನೂ ಹನ್ನೊಂದು ಜನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದರು.

ಕೊಂದಿದ್ದು ನೀರು. ಅದು ಹೇಗೆ ಎಂದು ಊರಿನಲ್ಲಿ ಗೊತ್ತಿದ್ದದ್ದು ನೀರಕ್ಕ ಒಬ್ಬಳಿಗೇ.

ಟ್ಯಾಂಕಿನಿಂದ ನೂರು ಹೆಜ್ಜೆ ಕೆಳಗೆ, ರಸ್ತೆಯ ಪಕ್ಕ ಒಂದು ಗುಂಡಿ, ಅದರೊಳಗೆ ಒಂದು ವಾಲ್ವು. ಹಳೆ ಕೆರೆಯ ಪೈಪು ಅಲ್ಲಿಗೆ ಬಂದು ಕೆಳಗಿನ ಓಣಿಗಳ ಪೈಪಿಗೆ ಸೇರುತ್ತದೆ. ಕೆರೆಗೆ ಮಾರುಕಟ್ಟೆಯ ಚರಂಡಿ, ಆಸ್ಪತ್ರೆಯ ಚರಂಡಿ ಎರಡೂ ಬಿದ್ದು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಆ ವಾಲ್ವನ್ನು ಅವಳು ಬಿಗಿಯಾಗಿ ಮುಚ್ಚಿ ಇಟ್ಟು, ಓಣಿಗಳಿಗೆ ಟ್ಯಾಂಕಿನ ಬೋರ್‌ವೆಲ್ ನೀರು ಬಿಡುತ್ತಿದ್ದಳು. ಊರಿನಲ್ಲಿ ಇಂಥ ಹದಿನೆಂಟು ಗುಂಡಿಗಳಿವೆ. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಗುಂಡಿಯಿಂದ ಗುಂಡಿಗೆ ನಡೆಯಬೇಕು. ಕೆಲವದರಲ್ಲಿ ಮೇಲಿನಿಂದಲೇ ಕೀಲಿ ತೂರಿಸಿ ತಿರುಗಿಸಬಹುದು. ಕೆಲವದರಲ್ಲಿ ಇಳಿಯಬೇಕು. ಸೊಂಟದವರೆಗೆ ಕೊಚ್ಚೆ, ಕಾಲಡಿಯಲ್ಲಿ ಏನೇನೋ. ಬಲ ಹೆಗಲಿನ ಮೂಳೆ ಊದಿ ನಿಂಬೆಹಣ್ಣಿನಷ್ಟಾಗಿದೆ. ಅಂಗೈಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ.

ಹದಿನೇಳು ವಾಲ್ವುಗಳು ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಕೆರೆಯ ವಾಲ್ವು ಒಂದು ಮಾತ್ರ ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಬಲಕ್ಕೆ ತಿರುಗಿಸಿದರೆ ತೆರೆದುಕೊಳ್ಳುತ್ತದೆ. ಯಾವ ಕಾಲದಲ್ಲೋ ಯಾವುದೋ ಕಾರ್ಖಾನೆಯ ಗುಜರಿಯಿಂದ ತಂದು ಕೂರಿಸಿದ್ದಂತೆ. ಇದು ಯಾವ ಕಡತದಲ್ಲೂ ಇಲ್ಲ. ಮಾವ ಮಗನಿಗೆ ಹೇಳಿದ್ದ. ಮಗ ಕೆಮ್ಮುತ್ತ ಕೆಮ್ಮುತ್ತ ಹೆಂಡತಿಗೆ ಹೇಳಿದ್ದ. ನೀರಿನ ಕೆಲಸವೆಲ್ಲ ಹೀಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬರುವಂಥದ್ದು. ಕಡತ ಬರೆಯುವವರು ಗುಂಡಿಗೆ ಇಳಿಯುವುದಿಲ್ಲ. ಗುಂಡಿಗೆ ಇಳಿಯುವವರನ್ನು ಯಾರೂ ಏನೂ ಕೇಳುವುದಿಲ್ಲ.

ಇಪ್ಪತ್ತು ದಿನದ ಹಿಂದೆ ಹೊಳೆಯಿಂದ ಹೊಸ ಪೈಪು ಬಂತು. ಶಾಮಿಯಾನ ಹಾಕಿದರು, ಕುರ್ಚಿ ಹಾಕಿದರು, ಮೈಕು ಕಟ್ಟಿದರು. ಮೇಯರ್ ತಮ್ಮ ಕೈಯಾರೆ ಹಳೆ ಕೆರೆಯ ಪೈಪನ್ನು ಶಾಶ್ವತವಾಗಿ ಮುಚ್ಚುತ್ತಾರೆ ಎಂದು ಮೈಕಿನಲ್ಲಿ ಕೂಗಿದರು. ಹೊಳೆಯುವ ಹೊಸ ಕೀಲಿ ಮಾಡಿಸಿದ್ದರು, ಹಿಡಿಕೆಗೆ ರಿಬ್ಬನ್. ಎಂಜಿನಿಯರ್ ಬಗ್ಗಿ ಕೀಲಿಯನ್ನು ಗುಂಡಿಯೊಳಗೆ ಕೂರಿಸಿಕೊಟ್ಟು, "ಬಲಕ್ಕೆ ಸಾರ್," ಎಂದರು.

ನೀರಕ್ಕ ಕಂಬದ ಹತ್ತಿರ ನಿಂತಿದ್ದಳು. ಮುಚ್ಚಿರುವ ವಾಲ್ವನ್ನು ಇನ್ನಷ್ಟು ಮುಚ್ಚಲು ಹೋದರೆ ಅಲ್ಲಾಡಬಾರದು. ಅದು ಸಲೀಸಾಗಿ ತಿರುಗುತ್ತಿತ್ತು. ಒಂದು ಸುತ್ತು, ಎರಡು, ಮೂರು. ಜನ ಚಪ್ಪಾಳೆ ತಟ್ಟಿದರು. ಇಷ್ಟು ವಯಸ್ಸಲ್ಲೂ ಎಂಥ ತೋಳು ಎಂದು ಯಾರೋ ಹೊಗಳಿದರು. ನೀರಕ್ಕ ಮುಂದೆ ಬಂದು, "ಸಾಹೇಬ್ರೇ..." ಎನ್ನುವಷ್ಟರಲ್ಲಿ ಒಬ್ಬ ಅವಳ ಹೆಗಲಿಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದ. "ಹಿಂದೆ ಹೋಗೇ, ಫೋಟೋದಲ್ಲಿ ಬರ್ತೀಯ."

ಸಂಜೆ ಎಂಜಿನಿಯರ್ ಹತ್ತಿರ ಹೋಗಿ ಕೈಕಟ್ಟಿ ನಿಂತು ಹೇಳಿದಳು. ಅವರು ಸಿಟ್ಟು ಕೂಡ ಮಾಡಲಿಲ್ಲ, ನಕ್ಕರು. "ನಾನು ಎಂಜಿನಿಯರಿಂಗ್ ಓದಿರೋದು ನಾಲ್ಕು ವರ್ಷ. ನೀನು ಎಷ್ಟು ಓದಿದ್ದೀಯ? ಆ ಗುಂಡಿ ಹತ್ರ ನಿನ್ನ ನೆರಳು ಕಂಡ್ರೂ ನಾಳೆಯಿಂದ ಕೆಲಸ ಇಲ್ಲ." ಗುಂಡಿಯ ಮುಚ್ಚಳಕ್ಕೆ ಬೀಗ ಬಿತ್ತು. ಪಕ್ಕದಲ್ಲಿ ಮೇಯರ್ ಹೆಸರಿನ ಕಲ್ಲು ನೆಟ್ಟರು.

ಒಂದು ಬೀಗ. ಸುತ್ತಿಗೆಯ ನಾಲ್ಕು ಏಟು ಸಾಕಿತ್ತು. ವಾಲ್ವಿನ ಕೀಲಿ ಅವಳ ಮನೆಯ ಮೂಲೆಯಲ್ಲೇ ಇತ್ತು. ಆದರೆ ಅವಳು ಹೋಗಲಿಲ್ಲ. ಕೆಲಸ, ಕೋಣೆ, ಸೊಂಟ ಬಿದ್ದ ಅತ್ತೆ. ಮೂರೇ ಸುತ್ತು ತಾನೇ, ಹೊಳೆ ನೀರಿನ ಜೊತೆ ಸ್ವಲ್ಪ ಸೇರಿದರೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂಬತ್ತನೆಯ ದಿನ ಕೆಳಗಿನ ಓಣಿಯಲ್ಲಿ ಮೊದಲ ವಾಂತಿ.

ಊರಿನವರ ಕೊಡಪಾನ ಕೊಳಕು ಎಂದಿತು ಪಾಲಿಕೆ. ಕೈ ತೊಳೆಯುವುದಿಲ್ಲ ಎಂದಿತು. ಮೇಲಿನಿಂದ ವಿಚಾರಣೆಗೆ ಬರುತ್ತಾರೆ ಎಂಬ ಸುದ್ದಿ ಬಂದ ದಿನ ಮಾತ್ರ ಎಂಜಿನಿಯರ್ ಓಡೋಡಿ ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬೀಗ ತೆಗೆಸಿ, ಇಬ್ಬರು ಆಳುಗಳ ಕೈಯಲ್ಲಿ ವಾಲ್ವನ್ನು ಇನ್ನಷ್ಟು ಬಿಗಿ ಮಾಡಿಸಿದರು. ನೀರಕ್ಕ ಟ್ಯಾಂಕಿನ ಮೆಟ್ಟಿಲ ಮೇಲಿನಿಂದ ನೋಡಿದಳು. ಆಳುಗಳು ತಿರುಗಿಸಿದ್ದು ಬಲಕ್ಕೆ. ತುದಿ ಮುಟ್ಟುವವರೆಗೂ ಬಲಕ್ಕೆ. ಮತ್ತೆ ಬೀಗ ಬಿತ್ತು.

ಅಂದಿನಿಂದ ಕೆಳಗಿನ ಓಣಿಯ ನಲ್ಲಿಗಳಲ್ಲಿ ನೀರು ಧೋ ಎಂದು ಸುರಿಯತೊಡಗಿತು. ಜನ ಪಾಲಿಕೆಯನ್ನು ಹೊಗಳಿದರು. ವಿಚಾರಣೆಯವರಿಗೆ ತೋರಿಸಲು ಪಾಲಿಕೆಗೆ ಒಂದು ತಪ್ಪೊಪ್ಪಿಗೆಯ ಕಾಗದ ಬೇಕಿತ್ತು, ನೀರಕ್ಕನಿಗೆ ಕರೆ ಬಂತು.

ಇವತ್ತು ಬೆಳಗ್ಗೆ ಓರಗಿತ್ತಿ ನಲ್ಲಿಯ ಹತ್ತಿರ ಸಿಕ್ಕಿದ್ದಳು. ಸೊಂಟದಲ್ಲಿ ಎರಡು ವರ್ಷದ ಕಿರಿಯದು. ಅಳು ಬತ್ತಿಹೋದ ಮುಖ. "ನೀರು ಈಗ ಚೆನ್ನಾಗಿ ಬರ್ತಿದೆ ಅಕ್ಕಾ," ಎಂದಳು, ಏನೋ ಒಂದು ಹೇಳಬೇಕು ಎನ್ನುವ ಹಾಗೆ. ಸೆರಗಿನ ತುದಿ ಒದ್ದೆ ಮಾಡಿ ಮಗುವಿನ ಬಾಯಿ ಒರೆಸಿದಳು.

"ಕಾಯಿಸಿ ಕುಡೀರಿ," ಎಂದಳು ನೀರಕ್ಕ.

ಅಷ್ಟೇ. ಅವಳ ಧೈರ್ಯ ಇದ್ದದ್ದು ಅಷ್ಟೇ.

ಪಾಲಿಕೆಯ ಸಭಾಂಗಣಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು. ಜವಾನ ಬಾಗಿಲಲ್ಲೇ ತಡೆದ. ಚಪ್ಪಲಿ ಬಿಡಿಸಿದ. ಅವಳ ಪಾದ ನೋಡಿ ಮುಖ ಸಿಂಡರಿಸಿ, ಹಳೆಯ ಪೇಪರಿನ ಎರಡು ಹಾಳೆ ತಂದು ಕೆಂಪು ಜಮಖಾನೆಯ ಅಂಚಿಗೆ ಹಾಸಿದ.

"ಇದ್ರ ಮೇಲೇ ನಿಂತ್ಕೋ. ಆಚೆ ಈಚೆ ಕಾಲಿಡಬೇಡ. ಹೊಸಾ ಜಮಖಾನೆ."

ನಿಂತಳು. ಸುತ್ತ ಅರ್ಧಚಂದ್ರದ ಹಾಗೆ ಮೇಜು, ಮೇಜಿನ ಸುತ್ತ ಸದಸ್ಯರು. ನಡುವಿನ ಎತ್ತರದ ಕುರ್ಚಿಯಲ್ಲಿ ಮೇಯರ್, ಮೈಮೇಲೆ ಗೌನು, ಕೊರಳಲ್ಲಿ ಬಿಲ್ಲೆಯ ಸರ. ಅವರ ಎಡಕ್ಕೆ ಎಂಜಿನಿಯರ್. ಕೆಳಗಿನ ಓಣಿಗಳಿಂದ ಗೆದ್ದ ಸದಸ್ಯೆಯೂ ಇದ್ದಳು. ಓಟು ಕೇಳಲು ಬಂದಾಗ ಓರಗಿತ್ತಿಯ ಮಗಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡವಳು. ಈಗ ಫೋನು ನೋಡುತ್ತಿದ್ದಳು. ಎಲ್ಲರ ಮುಂದೆ ಬಾಟಲಿ ನೀರು, ಸೀಲು ಒಡೆಯದ್ದು.

ನೀರಕ್ಕನ ಕಾಲಡಿಯ ಪೇಪರು ಬೆವರಿಗೆ ಒದ್ದೆಯಾಗುತ್ತಿತ್ತು. ಹರಿದರೆ ಬೈಯುತ್ತಾರೇನೋ ಎಂದು ಅಲುಗಾಡದೆ ನಿಂತಳು. ಮೂರು ಜೀವ ಹೋಗಿರುವ ಮಾತಿಗೆ ಬಂದವಳು ಪೇಪರು ಹರಿಯುತ್ತದೆ ಎಂದು ಹೆದರುತ್ತಿದ್ದಳು. ಹೆದರಿಕೆಗೆ ದೊಡ್ಡದು ಚಿಕ್ಕದು ಗೊತ್ತಾಗುವುದಿಲ್ಲ.

ಗುಮಾಸ್ತ ಎದ್ದು ಓದಿದ. "ಮಾನ್ಯ ಮೇಯರ್ ಅವರು ತಮ್ಮ ಅಮೃತ ಹಸ್ತದಿಂದ ಮುಚ್ಚಿದ ಹಳೆಯ ಕೆರೆಯ ವಾಲ್ವನ್ನು ನಾನು ಅಜಾಗರೂಕತೆಯಿಂದ ಪುನಃ ತೆರೆದಿರುತ್ತೇನೆ. ಇದರಲ್ಲಿ ಬೇರೆ ಯಾರ ಪಾತ್ರವೂ ಇರುವುದಿಲ್ಲ. ಸದರಿ ವಾಲ್ವನ್ನು ಎಂಜಿನಿಯರ್ ಅವರು ಈಗ ಭದ್ರವಾಗಿ ಮುಚ್ಚಿರುತ್ತಾರೆ. ನನ್ನ ತಪ್ಪನ್ನು ಮನ್ನಿಸಬೇಕಾಗಿ ಪ್ರಾರ್ಥನೆ."

ಅಮೃತ ಹಸ್ತ. ಆ ಅಮೃತ ಕುಡಿದೇ ಮೂವರು ಸತ್ತಿದ್ದರು.

"ನೋಡಮ್ಮಾ," ಎಂದರು ಮೇಯರ್. ಬೈಯುವ ದನಿಯಲ್ಲ, ಮನೆಯ ಹಿರಿಯರ ದನಿ. ಅದಕ್ಕೇ ಇನ್ನೂ ಹೆಚ್ಚು ಹೆದರಿಕೆಯಾಯಿತು. "ತಪ್ಪು ಯಾರು ಮಾಡಲ್ಲ? ನಿನ್ನನ್ನ ಕೆಲಸದಿಂದ ತೆಗೆಯಲ್ಲ. ಪಾರ್ಕಿಗೆ ಹಾಕ್ತೀವಿ, ಗಿಡಕ್ಕೆ ನೀರು ಹಾಕ್ಕೊಂಡಿರು. ಕೋಣೆನೂ ನಿನಗೇ ಇರಲಿ. ವಯಸ್ಸಾದ ಅತ್ತೆ ಇದ್ದಾರಂತೆ. ನಮಗೂ ಕರುಳಿದೆ. ಸಹಿ ಹಾಕು."

ಜವಾನ ರಟ್ಟಿನ ಮೇಲೆ ಕಾಗದ ಇಟ್ಟು ತಂದ. ಪೆನ್ನನ್ನು ಅವಳ ಕೈಗೆ ಕೊಡಲಿಲ್ಲ. ರಟ್ಟಿನ ಮೇಲೆ ಇಟ್ಟು, ತೆಗೆದುಕೋ ಎಂದು ಕಣ್ಣಲ್ಲೇ ಹೇಳಿದ.

ತೆಗೆದುಕೊಂಡಳು. ಹಾಕುವುದೆಂದೇ ಬಂದಿದ್ದಳು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು, ಹಾಕುತ್ತೇನೆ, ಹಾಕಿ ಹೋಗಿಬಿಡುತ್ತೇನೆ. ಪೆನ್ನಿನ ತುದಿ ಕಾಗದ ಮುಟ್ಟಿತು. ಭದ್ರವಾಗಿ ಮುಚ್ಚಿರುತ್ತಾರೆ ಎಂಬ ಸಾಲು ಕಣ್ಣಿಗೆ ಬಿತ್ತು. ಇದಕ್ಕೆ ತಾನು ಸಹಿ ಹಾಕಿದರೆ ಆ ವಾಲ್ವನ್ನು ಇನ್ನು ಯಾರೂ ಮುಟ್ಟುವುದಿಲ್ಲ. ನಾಳೆಯೂ ಓರಗಿತ್ತಿ ಕೊಡಪಾನ ಇಡುತ್ತಾಳೆ. ಸೆರಗು ಒದ್ದೆ ಮಾಡಿ ಕಿರಿಯದರ ಬಾಯಿ ಒರೆಸುತ್ತಾಳೆ.

"ಅದು ಮುಚ್ಚಿಲ್ಲ ಸಾಹೇಬ್ರೇ," ಎಂದಳು.

ದನಿ ಹೊರಟಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಫೋನು ನೋಡುತ್ತಿದ್ದ ಸದಸ್ಯೆ ತಲೆ ಎತ್ತಿದಾಗ ಹೊರಟಿದೆ ಎಂದು ಗೊತ್ತಾಯಿತು.

"ಏನಂದೆ?" ಎಂದರು ಮೇಯರ್.

"ಆ ವಾಲ್ವು ಎಡದ್ದು. ಎಡಕ್ಕೆ ತಿರುಗಿಸಿದ್ರೆ ಮುಚ್ಚೋದು. ನೀವು ಅವತ್ತು ತಿರುಗಿಸಿದ್ದು ಬಲಕ್ಕೆ. ನಾನು ಮುಚ್ಚಿಟ್ಟಿದ್ದೆ, ನೀವು ತೆಗೆದ್ರಿ. ಮೊನ್ನೆ ಇವರು ಬಂದು ಪೂರ್ತಿ ತೆಗೆಸಿದ್ರು. ಚರಂಡಿ ನೀರು ಹೋಗ್ತಾ ಇದೆ ಸಾಹೇಬ್ರೇ. ಈಗಲೂ ಹೋಗ್ತಾ ಇದೆ. ಒಂದ್ಸಲ ಮುಚ್ಚಿಸಿಬಿಡಿ, ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ."

ಒಂದಿಬ್ಬರು ನಕ್ಕರು. ಎಂಜಿನಿಯರ್ ನಗಲಿಲ್ಲ. ಅವರ ಬಲಗೈ ಮೇಜಿನ ಮೇಲೆ ತಾನಾಗಿಯೇ ಸಣ್ಣಗೆ ತಿರುಗಿತು, ಬಲಕ್ಕೆ, ಆಮೇಲೆ ಎಡಕ್ಕೆ. ಅವತ್ತು ಸಂಜೆ ಅವಳು ಬಂದು ಹೇಳಿದ್ದು ಅವರಿಗೆ ನೆನಪಾಗಿತ್ತು. ಆ ಕೈ ತಿರುಗಿದ್ದನ್ನು ನೀರಕ್ಕ ನೋಡಿದಳು, ಮೇಯರ್ ಕೂಡ ನೋಡಿದರು. ಎಂಜಿನಿಯರ್ ಬಾಯಿ ತೆರೆದರು. ಮೇಯರ್ ಕೈ ಅಡ್ಡ ಹಿಡಿದರು.

"ಎಡಾನೋ ಬಲಾನೋ, ಮುಚ್ಚಿದ್ದು ನಾನು," ಎಂದರು ಮೇಯರ್. "ಊರೆಲ್ಲ ನೋಡಿದೆ. ಪೇಪರಲ್ಲಿ ಬಂದಿದೆ. ಇವಳೊಬ್ಬಳ ಮಾತು ಕೇಳಿ ಮತ್ತೆ ಬೀಗ ತೆಗೆಸಿದ್ರೆ, ಪಾಲಿಕೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ." ಸದಸ್ಯರ ಕಡೆ ತಿರುಗಿದರು. "ಹಳೆ ಕೆರೆಯ ವಾಲ್ವು ಮುಚ್ಚಿದೆ ಅಂತ ಈ ಸಭೆ ಒಪ್ಪುತ್ತಾ? ಒಪ್ಪೋರು ಕೈ ಎತ್ತಿ."

ಕೈಗಳು ಎದ್ದವು. ಉಂಗುರದ ಕೈ, ಗಡಿಯಾರದ ಕೈ, ಬಳೆಯ ಕೈ. ಎಂಜಿನಿಯರಿಗೆ ಓಟಿಲ್ಲ, ಅವರು ತಲೆ ತಗ್ಗಿಸಿದರು. ಕೆಳಗಿನ ಓಣಿಯ ಸದಸ್ಯೆ ಸುತ್ತ ನೋಡಿ ಕೊನೆಗೆ ಎತ್ತಿದಳು, ಅರ್ಧ. ಗುಮಾಸ್ತ ಬರೆದುಕೊಂಡ. ವಾಲ್ವು ಮುಚ್ಚಿದೆ, ಒಮ್ಮತದಿಂದ.

ಹನ್ನೆರಡು ವರ್ಷ ಹೆಗಲು ಸವೆಸಿ ಮುಚ್ಚಿದ್ದು ತೆರೆದದ್ದು ಇವರ ಲೆಕ್ಕಕ್ಕೇ ಇಲ್ಲ. ಇವರು ಕೂತಲ್ಲೇ ಕೈ ಎತ್ತಿ ವಾಲ್ವು ಮುಚ್ಚುತ್ತಾರೆ. ಅವಳಿಗೆ ಸಿಟ್ಟು ಬಂತು. ಹೆದರಿಕೆ ಹೋಗಲಿಲ್ಲ, ಅದರ ಮೇಲೆಯೇ ಸಿಟ್ಟೂ ಬಂದು ಕೂತಿತು. ಪೆನ್ನನ್ನು ರಟ್ಟಿನ ಮೇಲೆ ಇಟ್ಟಳು.

"ನಾನು ಹಾಕಲ್ಲ."

"ಸಂಜೆಯೊಳಗೆ ಕೋಣೆ ಖಾಲಿ ಮಾಡ್ಬೇಕಾಗುತ್ತೆ," ಎಂದರು ಮೇಯರ್. ಮನೆಯ ಹಿರಿಯರ ದನಿ ಹೋಗಿತ್ತು.

"ಹಾಕಲ್ಲ," ಎಂದಳು. ಜಮಖಾನೆಯ ಮೇಲೆಯೇ ಕಾಲಿಟ್ಟು ಹೊರಗೆ ನಡೆದಳು. ಪೇಪರಿನ ಒಂದು ತುಂಡು ಹಿಮ್ಮಡಿಗೆ ಅಂಟಿಕೊಂಡು ಬಾಗಿಲವರೆಗೂ ಬಂತು.

ಚಪ್ಪಲಿ ಹಾಕಿಕೊಳ್ಳುವುದು ಮರೆತಿತ್ತು. ಬರಿಗಾಲಲ್ಲಿ ಓಡಿದಳು. ಬೀದಿ ತುಂಬ ಜನ, ಹಾಡುಹಗಲು. ಕೋಣೆಗೆ ಬಂದು ಕೀಲಿ ತೆಗೆದುಕೊಂಡಳು, ಸುತ್ತಿಗೆ ತೆಗೆದುಕೊಂಡಳು. ಅತ್ತೆ ಮಲಗಿದಲ್ಲಿಂದಲೇ, "ಹಾಕಿದ್ಯಾ?" ಎಂದಳು. ನೀರಕ್ಕ ಕೀಲಿಯನ್ನು ಹೆಗಲಿಗೇರಿಸಿ ಹೊರಬಿದ್ದಳು. ಅತ್ತೆಗೆ ಅರ್ಥವಾಗಿ ಗೋಳಾಡುವುದು ಬೆನ್ನ ಹಿಂದೆ ಕೇಳಿಸಿತು.

ಮೊದಲ ಏಟು ಕೆರೆಯ ಗುಂಡಿಯ ಬೀಗಕ್ಕೆ ಬೀಳಲಿಲ್ಲ, ಹೆಬ್ಬೆರಳಿಗೆ ಬಿತ್ತು. ದಾರಿಹೋಕರು ನಿಂತು ನೋಡಿದರು. ಐದನೆಯ ಏಟಿಗೆ ಬೀಗ ಬಾಯಿ ಬಿಟ್ಟಿತು. ಮುಚ್ಚಳ ಎತ್ತಿದಳು. ಕೊಳೆತ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಮೇಲಿನಿಂದ ತಿರುಗಿಸಿ ನೋಡಿದಳು, ಜಪ್ಪಯ್ಯ ಎನ್ನಲಿಲ್ಲ. ಆಳುಗಳು ತುದಿಗೆ ತಂದು ಕಚ್ಚಿಸಿದ್ದರು. ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು. ಕೊಚ್ಚೆ ತೊಡೆಯವರೆಗೆ ಬಂತು. ಊದಿದ ಹೆಗಲನ್ನೇ ಕೀಲಿಯ ಅಡ್ಡಪಟ್ಟಿಗೆ ಕೊಟ್ಟು, ಕಾಲನ್ನು ಗೋಡೆಗೆ ಒತ್ತಿ, ಎಡಕ್ಕೆ ನೂಕಿದಳು. ಹೆಗಲಿನ ಒಳಗೆ ಏನೋ ಚಟ್ ಎಂದಿತು. ಇನ್ನೊಮ್ಮೆ ನೂಕಿದಳು. ಕಬ್ಬಿಣ ಕಿರ್ ಎಂದು ಅರ್ಧ ಸುತ್ತು ಬಂತು.

ಆಮೇಲೆ ಎಣಿಸಿದಳು. ಇಪ್ಪತ್ತೆರಡು ಸುತ್ತು. ಪೈಪಿನೊಳಗೆ ಹರಿಯುವ ಸದ್ದು ಸಣ್ಣಗಾಗಿ, ಸಿಳ್ಳೆಯಾಗಿ, ನಿಂತಿತು. ಕಿವಿ ಇಟ್ಟು ಕೇಳಿದಳು. ಏನೂ ಇಲ್ಲ. ಮೇಲೆ ಹತ್ತಿ ಮುಚ್ಚಳ ಎಳೆದು, ಅದರ ಮೇಲೆ ಕುಸಿದು ಕುಳಿತಳು. ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ.

ಹೊಸ ಪೈಪು ಬಂದ ದಿನವೇ ಬೋರ್‌ವೆಲ್ ನಿಲ್ಲಿಸಿದ್ದರು. ಹೊಳೆಯ ನೀರಿಗೆ ಕೆಳಗಿನ ಓಣಿಯ ತುದಿ ಮುಟ್ಟುವಷ್ಟು ಒತ್ತಡವಿರಲಿಲ್ಲ. ಅಲ್ಲಿಗೆ ಬರುತ್ತಿದ್ದದ್ದು ಕೆರೆಯದೇ. ಕೆರೆ ನಿಂತದ್ದೇ ನಲ್ಲಿಗಳು ನಿಂತವು. ಹೆಂಗಸರು ತುಂಬದ ಕೊಡಪಾನ ಹಿಡಿದು ಏರಿ ಹತ್ತಿ ಬಂದರು.

"ಏನೇ, ಎರಡು ದಿನ ನೀರು ಚೆನ್ನಾಗಿ ಬಂದ್ರೆ ನಿನ್ನ ಹೊಟ್ಟೆ ಉರೀತಾ?"

"ಹೆಣ ಎತ್ತಿದ ಓಣಿಗೆ ನೀರೂ ನಿಲ್ಲಿಸ್ತೀಯಲ್ಲೇ, ನೀನು ಹೆಂಗಸಾ?"

ಒಬ್ಬಳು ಕೊಡಪಾನ ಎಸೆದಳು. ಅದು ಮೇಯರ್ ಹೆಸರಿನ ಕಲ್ಲಿಗೆ ಬಡಿದು ಉರುಳಿತು. ನೀರಕ್ಕ ಹೇಳಿದಳು. ಎಲ್ಲ ಹೇಳಿದಳು, ಎಡ, ಬಲ, ಚರಂಡಿ, ಚಪ್ಪಾಳೆ, ಕಾಗದ, ಎತ್ತಿದ ಕೈಗಳು. ಹೇಳುತ್ತ ಹೇಳುತ್ತ ಬೈಗುಳಗಳು ಒಂದೊಂದಾಗಿ ನಿಂತವು. ಯಾರೋ ಒಬ್ಬಳು ತನ್ನ ಕೊಡಪಾನದ ತಳದಲ್ಲಿದ್ದ ನೀರನ್ನು ನೋಡಿ ರಸ್ತೆಗೆ ಚೆಲ್ಲಿದಳು.

ಓರಗಿತ್ತಿ ಹಿಂದಿನಿಂದ ಮುಂದೆ ಬಂದಳು. ಸೊಂಟದಲ್ಲಿ ಮಗು ಇತ್ತು.

"ಅವತ್ತೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನನ್ನ ಮಗಳು ನೀರು ನೀರು ಅಂತಿದ್ದಾಗ ನೀನೇ ಲೋಟ ಹಿಡಿದು ಕುಡಿಸ್ದೆ. ಆಗ?"

ನೀರಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಕಾಯಿಸಿ ಆರಿಸಿದ್ದೆ ಕಣೇ... ಆದ್ರೆ ಗೊತ್ತಿತ್ತು."

"ಇವತ್ತು ಬೆಳಗ್ಗೆ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

ಓರಗಿತ್ತಿ ಮಗುವನ್ನು ಪಕ್ಕದವಳ ಕೈಗೆ ಕೊಟ್ಟು, ನೀರಕ್ಕನ ಕೆನ್ನೆಗೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಯಾರೂ ಬಿಡಿಸಲಿಲ್ಲ. ನೀರಕ್ಕ ಮುಖ ಮುಚ್ಚಿಕೊಳ್ಳಲೂ ಇಲ್ಲ. ಓರಗಿತ್ತಿ ಅಲ್ಲೇ ನಿಂತು ಅತ್ತಳು, ಮಗಳು ಹೋದ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ.

ಪಾಲಿಕೆಯ ಜೀಪು ಬಂದು ನಿಂತಿತು. ಎಂಜಿನಿಯರ್ ಇಳಿದರು, ಹಿಂದೆ ಲಾಠಿಯ ಇಬ್ಬರು ಕಾವಲುಗಾರರು. ಒಡೆದ ಬೀಗ ನೋಡಿದರು. ನೀರಕ್ಕನ ಕಣ್ಣನ್ನು ಮಾತ್ರ ನೋಡಲಿಲ್ಲ.

"ಏಳು ಮೇಲೆ. ವಾಲ್ವು ಹೇಗಿತ್ತೋ ಹಾಗೆ ಇಡಬೇಕು ಅಂತ ಸಾಹೇಬರ ಆರ್ಡರ್. ಏಳು!"

ನೀರಕ್ಕ ಏಳಲು ಹೋದಳು. ಅದು ಅವಳಿಗೆ ತಿಳಿದು ಆದದ್ದಲ್ಲ. ಏಳು ಎಂದರೆ ಏಳುವುದು ಮೈಗೆ ಅಂಟಿದ ಅಭ್ಯಾಸ. ಮೊಣಕಾಲು ಅರ್ಧ ಎದ್ದಿತ್ತು. ಹೆಗಲ ಮೇಲೆ, ನೋಯುವ ಹೆಗಲಿನ ಮೇಲೆಯೇ, ಒಂದು ಕೈ ಬಿತ್ತು. ಒತ್ತಿ ಕೂರಿಸಿತು. ಓರಗಿತ್ತಿಯ ಕೈ. ಅವಳ ಕಣ್ಣು ಎಂಜಿನಿಯರ್ ಮೇಲಿತ್ತು.

"ನಿನ್ನ ಮುಖ ನೋಡೋಕೆ ನನಗೆ ಇಷ್ಟ ಇಲ್ಲ," ಎಂದಳು ಓರಗಿತ್ತಿ. "ಆದ್ರೆ ಏಳಬೇಡ."

ಲಾಠಿಯವರು ಒಂದು ಹೆಜ್ಜೆ ಮುಂದೆ ಬಂದರು. ನೀರಕ್ಕ ಎಡಗೈಯಲ್ಲಿ ಮುಚ್ಚಳದ ಅಂಚು ಬಿಗಿಯಾಗಿ ಹಿಡಿದಳು. ಅವಳು ಏಳಲಿಲ್ಲ.